ಸಪ್ಪೆಸೀಮೆ

ನಾನು ಮದುವೆಯಾಗಿ ಈ ಊರಿಗೆ ಹೊರಟ ದಿನ ನಮ್ಮವ್ವ ನನ್ನ ಟ್ರಂಕಿನ ತಳದಲ್ಲಿ, ಸೀರೆಗಳ ನಡುವೆ, ಒಂದು ಜಾಡಿ ನಿಂಬೆಕಾಯಿ ಉಪ್ಪಿನಕಾಯಿ ಇಟ್ಟಳು. “ಸಪ್ಪೆಯೋರ ಮನೆ ಸೇರ್ತಾ ಇದೀಯ, ನಾಲಗೆ ಮರೆತೋಗದಂಗೆ ನೋಡ್ಕೋ ಚಂದ್ರಿ” ಎಂದು ಕಣ್ಣೊರೆಸಿಕೊಂಡಳು. ಜಾಡಿ ಒಡೆಯದೆ ಬಂದು ತಲುಪಿತು. ಆದರೆ ಊರ ಗಡಿಯ ಕಲ್ಲುಮೋರಿ ದಾಟಿ ಒಳಗೆ ಬಂದಮೇಲೆ ಒಂದು ಹೋಳು ಬಾಯಿಗೆ ಹಾಕಿಕೊಂಡರೆ ಬರೀ ಹುಳಿ, ಬರೀ ಖಾರ. ಉಪ್ಪು ಜಾಡಿಯೊಳಗೇ ಇತ್ತು, ನನ್ನ ನಾಲಗೆಗೆ ಸಿಗಲಿಲ್ಲ.

ಈ ಊರಲ್ಲಿ ಉಪ್ಪು ರುಚಿಸುವುದಿಲ್ಲ. ಕಲ್ಲುಮೋರಿಯಿಂದ ಆಚೆಗೆ ಕಾಲಿಟ್ಟರೆ ರುಚಿಸುತ್ತದೆ, ಈಚೆಗೆ ಇಲ್ಲ. ಊರು, ಸುತ್ತಲ ನಾಲ್ಕಾರು ಹಳ್ಳಿ, ಹೊಲ, ಎರಡು ಬೋಳುಗುಡ್ಡ, ಇಷ್ಟೂ ಸೇರಿ ಸಪ್ಪೆಸೀಮೆ. ಉಪ್ಪು ತನ್ನ ಉಳಿದ ಕೆಲಸವನ್ನೆಲ್ಲ ಮಾಡುತ್ತದೆ. ಉಪ್ಪಿನಕಾಯಿ ಕೆಡುವುದಿಲ್ಲ. ಮೈಗೆ ಬೇಕಾದ್ದು ಮೈಗೆ ಸೇರುತ್ತದೆ, ಹೆಚ್ಚಾದರೆ ಕಾಲು ಊದಿಕೊಳ್ಳುತ್ತದೆ. ಬಾಯಿಗೆ ಮಾತ್ರ ಅದು ಬಂದದ್ದು ಹೋದದ್ದು ತಿಳಿಯುವುದಿಲ್ಲ. ಆದ್ದರಿಂದ ಇಲ್ಲಿ ಯಾರೂ ರುಚಿ ನೋಡಿ ಉಪ್ಪು ಹಾಕುವುದಿಲ್ಲ. ನಮ್ಮತ್ತೆ ಕೆಂಪಮ್ಮ ನನಗೆ ಮೊದಲು ಕಲಿಸಿದ್ದೇ ಅದು. ನನ್ನ ಮೂರು ಬೆರಳನ್ನು ತಮ್ಮ ಕೈಯಲ್ಲಿ ಹಿಡಿದು ಉಪ್ಪಿನ ಮರಿಗೆಯೊಳಗೆ ಅದ್ದಿಸಿ, “ಇಷ್ಟು ಕಣವ್ವ. ನಾಲಗೆ ಕೇಳ್ಬ್ಯಾಡ, ಕೈ ಕೇಳು” ಎಂದರು. ಉಪ್ಪಿಲ್ಲದ ಕೊರತೆಯನ್ನು ತುಂಬಲು ಇವರು ಹುಣಸೆ, ಹುಚ್ಚೆಳ್ಳು, ಹಸಿ ಕೊತ್ತಂಬರಿ, ಬೆಂಕಿಯಲ್ಲಿ ಸುಟ್ಟ ಮೆಣಸಿನಕಾಯಿ ಎಂದು ಏನೇನೋ ಮಾಡುತ್ತಾರೆ. ಹೊರಗಿನಿಂದ ಬಂದ ನೆಂಟರು ಆದರೂ ತಟ್ಟೆಯ ಮೇಲೆ ಉಪ್ಪು ಸುರಿದುಕೊಂಡು ಸುರಿದುಕೊಂಡು, ವಾರದೊಳಗೆ ಮುಖ ಊದಿಸಿಕೊಂಡು ವಾಪಸ್ಸು ಹೋಗುತ್ತಾರೆ.

ಊರಿನಿಂದ ಹೊರಡುವ ಬೆಳಗಿನ ಬಸ್ಸು ಮೋರಿ ದಾಟಿದ ಕೂಡಲೇ ನಿಲ್ಲುತ್ತದೆ. ಯಾರೂ ನಿಲ್ಲಿಸು ಎನ್ನಬೇಕಾಗಿಲ್ಲ. ಎಲ್ಲರೂ ಡಬ್ಬಿ ಬಿಚ್ಚಿ ಅಲ್ಲೇ ತಿಂಡಿ ತಿನ್ನುತ್ತಾರೆ, ಕಂಡಕ್ಟರ್ ಕೂಡ. ಮದುವೆಗಳಾದರೆ ಮೋರಿ ಪಕ್ಕದ ಬಯಲಿನಲ್ಲಿ ಅರ್ಧ ಆಚೆ, ಅರ್ಧ ಈಚೆ ಬರುವ ಹಾಗೆ ಚಪ್ಪರ ಹಾಕುತ್ತಾರೆ. ಹೊರಗಿನ ಬೀಗರಿಗೆ ಆಚೆ ಪಂಕ್ತಿ, ನಮ್ಮವರಿಗೆ ಈಚೆ. ನನ್ನ ನಾದಿನಿಯ ಮದುವೆಯಲ್ಲಿ ಒಬ್ಬ ಮುದುಕಿ ತನ್ನ ಎಲೆಯನ್ನು ಮೆಲ್ಲಗೆ ಎಳೆದುಕೊಳ್ಳುತ್ತ ಎಳೆದುಕೊಳ್ಳುತ್ತ ಗಂಡಿನ ಕಡೆಯವರ ನಡುವೆ ಹೋಗಿ ಕೂತಿದ್ದನ್ನು ನಾನೇ ನೋಡಿದ್ದೇನೆ.

ನಾನು ಬಂದ ಹೊಸತರಲ್ಲಿ ಇಲ್ಲಿನ ಊಟ ನನಗೆ ಸೇರಲಿಲ್ಲ. ಎರಡು ತುತ್ತು ತಿಂದು ಎದ್ದುಬಿಡುತ್ತಿದ್ದೆ. ಗಂಡ ಮಹಾದೇವು ಹೊಲದ ಗಡಿಬಿಡಿಯಲ್ಲಿ ಗಮನಿಸಲಿಲ್ಲ. ಗಮನಿಸಿದವರು ನಮ್ಮ ಮಾವ ಮುದ್ದಯ್ಯನವರು. ಒಂದು ಸಂಜೆ, “ಆ ನಿನ್ನ ಜಾಡಿ ತಗೊಂಡು ಬಾರವ್ವ, ಒಂದಿಷ್ಟು ಅನ್ನಾನೂ ಕಟ್ಕೊ” ಎಂದು ಮುಂದೆ ಮುಂದೆ ನಡೆದರು. ಊರು ದಾಟಿ, ಹುಣಸೆಮರ ದಾಟಿ, ಕಲ್ಲುಮೋರಿಯ ಹತ್ತಿರ ಬಂದು ನಿಂತರು.

“ಆಚೆ ಹೋಗಿ ಕೂತ್ಕೊಂಡು ತಿನ್ನು. ನಾನು ಇಲ್ಲೇ ಇರ್ತೀನಿ.”

“ನೀವೂ ಬನ್ನಿ ಮಾವ.”

“ನಂಗೆ ಬ್ಯಾಡ.”

ನಾನು ಮೋರಿಯ ಆಚೆ ತುದಿಯ ಕಟ್ಟೆಯ ಮೇಲೆ ಕೂತು ಉಪ್ಪಿನಕಾಯಿ ಕಲಸಿದ ಅನ್ನ ತಿಂದೆ. ಅವತ್ತಿನಷ್ಟು ರುಚಿಯಾದ ಊಟ ನಾನು ಆಮೇಲೆ ಎಂದೂ ಮಾಡಿಲ್ಲ. ತಿನ್ನುತ್ತ ತಿನ್ನುತ್ತ ಅಳು ಬಂತು. ಮಾವ ನಾನು ನಾಚಿಕೊಳ್ಳದ ಹಾಗೆ ಬೆನ್ನು ತಿರುಗಿಸಿ, ಮೇಯುತ್ತಿದ್ದ ಕುರಿಗಳನ್ನು ನೋಡುತ್ತ ನಿಂತಿದ್ದರು. ನನ್ನ ನಾಲಗೆ ಈ ಊರಿಗೆ ಹೊಂದಿಕೊಳ್ಳುವ ತನಕ ಅಂಥ ಸಂಜೆಗಳು ಎಷ್ಟೋ ಆದವು. ಒಂದು ದಿನವೂ ಅವರು ಆಚೆ ಕಾಲಿಡಲಿಲ್ಲ.

ಮನೆಗೆ ಮರಳುವ ದಾರಿಯಲ್ಲಿ ಅವರು ನನಗೆ ಸಪ್ಪೆ ಎನ್ನುವ ಹೆಸರಿನ ಕಥೆ ಹೇಳುತ್ತಿದ್ದರು. ಬಹಳ ಹಿಂದೆ ಆ ಹೆಸರೇ ಒಂದು ರಹದಾರಿಯಂತೆ, ತೋರಿಸಿದರೆ ಕಟ್ಟೆ ದಾಟಲು ಬಿಡುವ ಚೀಟಿಯ ಹಾಗೆ. ಸಮುದ್ರದ ಕಡೆಯಿಂದ ಉಪ್ಪು ಬರುವ ದಾರಿಯಲ್ಲಿ ಅಲ್ಲಲ್ಲಿ ಸುಂಕದ ಕಟ್ಟೆಗಳಿದ್ದವು. ಪ್ರತಿ ಗಾಡಿಯನ್ನೂ ನಿಲ್ಲಿಸಿ, ಹುಲ್ಲಿನೊಳಗೆ ಕೋಲು ಚುಚ್ಚಿ ಹುಡುಕುವರು. ನಮ್ಮ ಸೀಮೆಯ ಗಾಡಿ ಎಂದರೆ ಮಾತ್ರ, “ಸಪ್ಪೆ, ಬಿಡು” ಎಂದು ಕೈ ಬೀಸುವರು. ಉಪ್ಪಿಗೆ ಆಸೆಪಡದವರು ಅದನ್ನು ಕದ್ದು ಯಾಕೆ ಸಾಗಿಸುತ್ತಾರೆ? ಆಗ ಬೇರೆ ಊರಿನ ಗಾಡಿಯವರೂ “ನಾವೂ ಸಪ್ಪೆಯೋರೇ ಸ್ವಾಮಿ” ಎಂದು ಸುಳ್ಳು ಹೇಳಿ ದಾಟುತ್ತಿದ್ದರಂತೆ. ನಮ್ಮ ಸೀಮೆಯವರು ಮಕ್ಕಳಿಗೂ ಆ ಹೆಸರಿಟ್ಟು ಕರೆಯುತ್ತಿದ್ದರು. ಮಾವನ ಮುತ್ತಾತನ ಹೆಸರು ಸಪ್ಪೇಗೌಡ.

ಆಮೇಲೆ ಒಬ್ಬ ಪಾಳೇಗಾರ ತನ್ನ ಕೋಟೆಗೆ ಕಾವಲಿನವರನ್ನು ಆರಿಸಲು ಇಲ್ಲಿಗೆ ಬಂದ. ಅವನಲ್ಲಿ ಕೆಲಸಕ್ಕೆ ಸೇರುವವರು ನಾಲಗೆಯ ಮೇಲೆ ಒಂದು ಹರಳು ಉಪ್ಪಿಟ್ಟುಕೊಂಡು ಆಣೆ ಮಾಡಬೇಕಿತ್ತು. ಊರ ಮುಂದಿನ ಬಯಲಿನಲ್ಲಿ ಗಂಡಸರೆಲ್ಲ ಸಾಲಾಗಿ ನಿಂತರು. ಹೇಗೆ ಮಾಡಬೇಕೆಂದು ತೋರಿಸಲು ಪಾಳೇಗಾರ ಮೊದಲು ತನ್ನ ಬಾಯಿಗೇ ಹರಳು ಹಾಕಿಕೊಂಡ. ಏನೂ ಇಲ್ಲ. ಮರಳು ಕಚ್ಚಿದ ಹಾಗೆ. ಅವನು ಮುಖ ಕಪ್ಪಿಟ್ಟು ಕುದುರೆ ಹತ್ತಿದ. “ಉಪ್ಪೇ ಹತ್ತದ ಜನ. ಇವರನ್ನ ಯಾವ ಋಣದಲ್ಲಿ ಕಟ್ಟಿಹಾಕ್ಲಿ?” ಎಂದು ಒಬ್ಬನನ್ನೂ ತೆಗೆದುಕೊಳ್ಳದೆ ಹೊರಟುಹೋದ. ಆ ಮಾತು ಕೋಟೆಯಿಂದ ಪೇಟೆಗೆ, ಪೇಟೆಯಿಂದ ಸಂತೆಗೆ ಹರಡಿತು. ಆಮೇಲೆ ಸಪ್ಪೆಯವರು ಎಂದರೆ ನಿಯತ್ತಿಲ್ಲದವರು, ತಿಂದ ಮನೆಗೆ ಎರಡು ಬಗೆಯುವವರು. ಅಲ್ಲಿಂದೀಚೆಗೆ ಯಾರೂ ಮಕ್ಕಳಿಗೆ ಆ ಹೆಸರಿಡಲಿಲ್ಲ.

ಕಥೆ ಇಲ್ಲಿಗೆ ಬಂದಾಗ ಮಾವ ಸುಮ್ಮನಾಗುತ್ತಿದ್ದರು. ಮುಂದಿನದನ್ನು ನನಗೆ ಹೇಳಿದವರು ಅತ್ತೆ, ಒಂದು ಮಧ್ಯಾಹ್ನ ಅವರೆಕಾಯಿ ಸುಲಿಯುತ್ತ. ಮಾವ ಹರೆಯದಲ್ಲಿ ಇಲ್ಲಿಗೆ ಎಂಟು ಹರದಾರಿ ದೂರದ ಪೇಟೆಯಲ್ಲಿ, ಒಂದು ಎಣ್ಣೆ ಗಾಣದಲ್ಲಿ ಕಾವಲಿಗಿದ್ದರಂತೆ. ಯಾವ ಊರೆಂದು ಕೇಳಿದವರಿಗೆ ಬೇರೆ ಏನೋ ಹೇಳಿಕೊಂಡಿದ್ದರು. ಒಂದು ಬೆಳಿಗ್ಗೆ ಗಾಣದ ಎತ್ತು ಕೊಟ್ಟಿಗೆಯಲ್ಲಿರಲಿಲ್ಲ. ಅದೇ ಹೊತ್ತಿಗೆ ಯಾರೋ ಇವರ ಊರಿನ ಗುಟ್ಟು ಬಿಟ್ಟುಕೊಟ್ಟರು. ಗಾಣದ ಯಜಮಾನ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. “ಸಪ್ಪೆಯವನಂತೆ. ಇನ್ನೇನು ಕೇಳೋದು” ಎಂದು ಬೀದಿಯ ಕಡೆಗಿದ್ದ ಕಂಬಕ್ಕೆ ಕಟ್ಟಿಹಾಕಿಸಿದ. ಹೋಗಿಬರುವವರೆಲ್ಲ ನಿಂತು ನೋಡಿದರು. ಸಂಜೆಯ ಹೊತ್ತಿಗೆ ಯಜಮಾನನ ಅಳಿಯ ಎತ್ತು ಹೊಡೆದುಕೊಂಡು ಬಂದ. ಯಾರಿಗೂ ಹೇಳದೆ ತನ್ನ ಹೊಲಕ್ಕೆ ಒಯ್ದಿದ್ದನಂತೆ. ಹಗ್ಗ ಬಿಚ್ಚಿದರು. ಯಾರೂ ತಪ್ಪಾಯಿತು ಎನ್ನಲಿಲ್ಲ. ಮಾವ ನಡೆದುಕೊಂಡೇ ಊರಿಗೆ ಬಂದರು. ಮೋರಿಯ ಈಚೆ ಬಂದವರು ಮತ್ತೆ ಆಚೆ ಹೋಗಲಿಲ್ಲ. ತಮ್ಮ ಮಗಳ ಮದುವೆಯಲ್ಲೂ ಚಪ್ಪರದ ಈಚೆ ಅರ್ಧದಲ್ಲೇ ಓಡಾಡಿದರು.

“ಅಂದ್ರೆ ಅವತ್ತಿಂದ ಉಪ್ಪಿನ ರುಚಿ ನೋಡೇ ಇಲ್ವಾ?” ಎಂದು ಕೇಳಿದೆ.

“ಇಲ್ಲ ಕಣವ್ವ. ನಾನು ಮೊದಮೊದ್ಲು ಹೇಳ್ದೆ. ಆಮೇಲೆ ಬಿಟ್ಟೆ” ಎಂದರು ಅತ್ತೆ.

ನನಗೆ ವಿಚಿತ್ರ ಎನಿಸಿದ್ದು, ನಾನು ಬೆಳೆದ ಊರಲ್ಲಿ ಸಪ್ಪೆ ಎನ್ನುವುದಕ್ಕೆ ಆ ಅರ್ಥವೇ ಇರಲಿಲ್ಲ. ನಮ್ಮ ಶಾಲೆಯಲ್ಲಿ ಆಟಕ್ಕೆ ಬರದೆ ಮೂಲೆಯಲ್ಲಿ ಕೂರುವವರನ್ನು ಸಪ್ಪೆ ಎನ್ನುತ್ತಿದ್ದೆವು, ಅಷ್ಟೇ. ನಮ್ಮವ್ವ ಹೇಳಿದಾಗಲೂ ಅದರಲ್ಲಿದ್ದದ್ದು ಕನಿಕರ. ನನ್ನ ಮಗನ ಕಾಲಕ್ಕೆ ಅದು ಇನ್ನೂ ತಿರುಗಿತ್ತು. ಅವನು ಓದುವ ಕಾಲೇಜಿನಲ್ಲಿ ಗೆಳೆಯರು ಅವನನ್ನು ಸಪ್ಪೆ ಎಂದೇ ಕರೆಯುತ್ತಾರೆ, ಇವನು ಸಂತೋಷವಾಗಿ ಓಗೊಡುತ್ತಾನೆ. ಒಮ್ಮೆ ರಜೆಗೆ ಬಂದಾಗ ಇವನ ಫೋನಿನಿಂದ “ಏ ಸಪ್ಪೆ, ಎಲ್ಲಿದೀಯೋ” ಎಂಬ ಮಾತು ಮನೆಯಿಡೀ ಕೇಳಿಸಿತು. ಮಾವ ಎದ್ದುಹೋಗಿ ಆ ಫೋನನ್ನು ರಾಗಿಯ ವಾಡೆಯೊಳಗೆ ತುರುಕಿಬಿಟ್ಟರು. ಅಷ್ಟು ರಾಗಿಯನ್ನೂ ಹೊರಗೆ ಸುರಿದು ಅದನ್ನು ತೆಗೆಯಬೇಕಾಯಿತು. “ತಾತ, ಅದು ಪ್ರೀತಿಗೆ ಅನ್ನೋದು” ಎಂದು ಅವನು ಎಷ್ಟು ಹೇಳಿದರೂ ಮಾವನ ಕಿವಿಗೆ ಹೋಗಲಿಲ್ಲ. ಅವರ ಕಿವಿಯಲ್ಲಿ ಆ ಮಾತು ಇನ್ನೂ ಗಾಣದ ಯಜಮಾನನ ಬಾಯಿಂದಲೇ ಬರುತ್ತಿತ್ತು.

ಅತ್ತೆ ತೀರಿಕೊಂಡ ಮೇಲೆ ಅಡುಗೆಯ ಕೈ ನನ್ನದಾಯಿತು. ಮಾವನಿಗೆ ವಯಸ್ಸಾಯಿತು. ಕಳೆದ ವರ್ಷ ಹಿಂಗಾರಿನ ಹೊತ್ತಿಗೆ ಅವರ ಕಾಲು ಊದತೊಡಗಿತು. ನಾಲ್ಕು ಮೆಟ್ಟಿಲು ಹತ್ತಿದರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಮಲಗಿದರೆ ಕೆಮ್ಮು, ಕೂತರೆ ಆಯಾಸ. ನಮ್ಮೂರ ಡಾಕ್ಟರು ಎದೆಗೆ ಕೊಳವೆಯಿಟ್ಟು ಬಹಳ ಹೊತ್ತು ಕೇಳಿ, ನನ್ನನ್ನೂ ಮಹಾದೇವುವನ್ನೂ ಹೊರಗೆ ಕರೆದರು. “ಹೃದಯದ ಒಂದು ಬಾಗಿಲು ಸರಿಯಾಗಿ ಮುಚ್ತಾ ಇಲ್ಲ. ಇಲ್ಲಿ ನನ್ನ ಕೈಲಾಗಲ್ಲ. ಪೇಟೆಯ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ. ತಡ ಮಾಡಿದ್ರೆ ಉಳಿಯಲ್ಲ.”

ಪೇಟೆ ಎಂದರೆ ಅದೇ ಪೇಟೆ, ಗಾಣವಿದ್ದದ್ದು.

ಮಾವ ಒಪ್ಪಲಿಲ್ಲ. ಗೋಡೆಗೆ ಒರಗಿ ಕೂತು, ಏದುಸಿರಿನ ನಡುವೆ, “ಇಲ್ಲೇ ಸಾಯ್ತೀನಿ, ಬಿಡ್ರಪ್ಪ” ಎಂದರು. ಮಹಾದೇವು ಮೊದಲು ಬೇಡಿಕೊಂಡರು, ಆಮೇಲೆ ರೇಗಿದರು. “ಐವತ್ತು ವರ್ಷದ್ದು ಹಿಡ್ಕೊಂಡು ಕೂತಿದೀಯಲ್ಲಪ್ಪ, ಆ ಯಜಮಾನ ಸತ್ತು ಎಷ್ಟು ಕಾಲ ಆಯ್ತೋ” ಎಂದು ಕೂಗಾಡಿ, ಹಿತ್ತಲಿಗೆ ಹೋಗಿ ಒಬ್ಬರೇ ನಿಂತರು. ನಾನು ಮಾವನ ಪಕ್ಕ ಕೂತೆ. ಅವರ ಪಾದ ಮುಟ್ಟಿ ನೋಡಿದೆ. ಬೆರಳೊತ್ತಿದಲ್ಲಿ ಗುಳಿ ಬಿದ್ದು ಹಾಗೇ ಉಳಿಯಿತು.

“ಮಾವ, ನಾನು ಬಂದ ಹೊಸದರಲ್ಲಿ ನೀವು ಮೋರಿ ಈ ಕಡೆ ನಿಂತು ನಂಗೋಸ್ಕರ ಕಾಯ್ತಿದ್ರಿ. ಒಂದು ದಿನಾನೂ ಬೇಗ ತಿನ್ನು ಅಂದೋರಲ್ಲ. ಈಗ ಆ ಕಡೆ ನಾನಿರ್ತೀನಿ. ಯಾರು ಏನಂದ್ರೂ ನಿಮ್ಮ ಪಕ್ಕ ಬಿಟ್ಟು ಅಲ್ಲಾಡಲ್ಲ.”

ಅವರು ಗೋಡೆ ಬಿಟ್ಟು ನೆಟ್ಟಗೆ ಕೂತರು. “ಆ ಬಿಳಿ ಪಂಚೆ ತೆಗ್ದಿಡು” ಎಂದರು.

ಜೀಪು ಮೋರಿ ದಾಟುವಾಗ ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಆಯಾಸಕ್ಕೆ ಮುಖವೆಲ್ಲ ಬೆವರಿತ್ತು. ಆಚೆ ಹೋಗುತ್ತಿದ್ದಂತೆ ಅವರ ನಾಲಗೆ ಮೇಲ್ದುಟಿಯನ್ನು ಸವರಿತು. ಅವರು ತಟ್ಟನೆ ಕಣ್ಣು ಬಿಟ್ಟರು. ಮತ್ತೊಮ್ಮೆ ಸವರಿಕೊಂಡರು. “ಬೆವರೂ ಉಪ್ಪು ಅನ್ನೋದು ಮರ್ತೇ ಹೋಗಿತ್ತು” ಎಂದು ಮೆಲ್ಲಗೆ ಹೇಳಿ, ಮುಂದೆ ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡಿದರು.

ದೊಡ್ಡಾಸ್ಪತ್ರೆಯಲ್ಲಿ ಗಂಡಸರ ವಾರ್ಡಿನ ಕಿಟಕಿ ಪಕ್ಕದ ಮಂಚ ಸಿಕ್ಕಿತು. ಕೈಗೆ ಸೂಜಿ ಚುಚ್ಚಿ ಬಾಟಲಿ ತೂಗುಹಾಕಿದರು. ಪಕ್ಕದ ಮಂಚದಲ್ಲಿ ಅಂತೋಣಿ ಎಂಬ ಲಾರಿ ಡ್ರೈವರ್ ಇದ್ದರು. ದೊಡ್ಡ ಹೊಟ್ಟೆ, ದೊಡ್ಡ ಮೀಸೆ. ಬಂದ ಕೂಡಲೇ ತಮ್ಮ ದಿಂಬುಗಳಲ್ಲಿ ಒಂದನ್ನು ಮಾವನ ಬೆನ್ನಿಗೆ ಕೊಟ್ಟರು. ಮಹಾದೇವು ಕೆಳಗೆ ಚೀಟಿ ಮಾಡಿಸಲು ಹೋಗಿದ್ದರು. ಎಲ್ಲ ಸರಿಹೋಗುತ್ತಿದೆ ಎಂದು ನಾನು ಉಸಿರು ಬಿಡುವಷ್ಟರಲ್ಲಿ ಮಧ್ಯಾಹ್ನದ ಊಟದ ಗಾಡಿ ಬಂತು. ಅದನ್ನು ತಳ್ಳಿಕೊಂಡು ಬಂದ ಹೆಂಗಸು ಬಾಗಿಲಲ್ಲಿ ನಿಂತು ದೊಡ್ಡ ದನಿಯಲ್ಲಿ ಕೇಳಿದಳು:

“ಸಪ್ಪೆಯವ್ರು ಯಾರ್ಯಾರು?”

ಮಾವನ ಮೈ ಸೆಟೆದುಕೊಂಡಿತು. ನಾನು ಕೈ ಹಿಡಿಯುವ ಮೊದಲೇ ಅವರು ಎದ್ದು ನಿಂತಿದ್ದರು. ಸೂಜಿಯನ್ನು ಕಿತ್ತೆಸೆದರು. ಕೈಯಿಂದ ರಕ್ತ ಪಂಚೆಯ ಮೇಲೆ ಇಳಿಯಿತು. ಅಂತೋಣಿ “ಏ ಏ, ತಾತ” ಎನ್ನುತ್ತಿದ್ದಂತೆ ಮಾವ ಹಿಂಬದಿಯ ಬಾಗಿಲಿನಿಂದ ವರಾಂಡಕ್ಕೆ ಹೋಗಿಬಿಟ್ಟರು. ನಾನು ಹಿಂದೆ ಓಡಿದೆ. ಮೆಟ್ಟಿಲ ಹತ್ತಿರ ಅವರಿಗೆ ಉಸಿರು ಸಿಗಲಿಲ್ಲ. ಗೋಡೆ ಹಿಡಿದು, ಹಾಗೇ ಜಾರಿ ಕೂತರು. ತುಟಿ ನೀಲಿಯಾಗಿತ್ತು. ಅವತ್ತು ಅವರು ನನ್ನ ಕೈಯಲ್ಲೇ ಹೋಗುತ್ತಾರೆ ಎಂದುಕೊಂಡೆ. ನರ್ಸು ಬಂದು ಮೂಗಿಗೆ ಗಾಳಿಯ ಕೊಳವೆ ಇಟ್ಟಳು. ಕೈಯ ರಕ್ತ ಒರೆಸಿ ಹತ್ತಿ ಒತ್ತಿದಳು. ನಿಧಾನವಾಗಿ ಅವರ ಎದೆಯ ಏರಿಳಿತ ಒಂದು ಹದಕ್ಕೆ ಬಂತು.

ಊಟದ ಗಾಡಿಯ ಹೆಂಗಸು ಗಾಬರಿಯಲ್ಲಿ ಅಲ್ಲೇ ನಿಂತಿದ್ದಳು. ಅವಳ ಹೆಸರು ಜುಲೇಖಾ. “ನಾನೇನಂದೆ ಅಂತ ತಾತ ಎದ್ದೋದ್ರು?” ಎಂದು ನನ್ನನ್ನು ಕೇಳಿದಳು.

“ಸಪ್ಪೆ ಅಂದ್ರಲ್ಲ” ಎಂದೆ. “ನಾವು ಆ ಸೀಮೆಯೋರು.”

ಅವಳು ಹಣೆ ಬಡಿದುಕೊಂಡಳು. ಆಮೇಲೆ ಮಾವನ ಪಕ್ಕ ಮೆಟ್ಟಿಲ ಮೇಲೆ ಕೂತಳು. “ತಾತ, ನಾನು ಕೇಳಿದ್ದು ಊಟ. ಇಲ್ಲಿ ಎದೆ ನೋವಿನೋರಿಗೆ ಡಾಕ್ಟರು ಉಪ್ಪು ಬಿಡಿಸ್ತಾರೆ. ಮೊದ್ಲು ಆ ಊಟಾನ ಒಬ್ರೂ ಮುಟ್ತಾ ಇರ್ಲಿಲ್ಲ. ಹಂಗಂಗೇ ವಾಪಸ್ ಬರ್ತಿತ್ತು. ಆಮೇಲೆ ನಿಮ್ಮ ಕಡೆ ಹೆಂಗಸ್ರು ನಾಲ್ಕು ಜನ ಅಡುಗೆಮನೆಗೆ ಬಂದ್ರು. ಉಪ್ಪಿಲ್ದೆ ರುಚಿ ಮಾಡೋದು ಅವರಿಗೆ ಗೊತ್ತಲ್ಲ. ಸಪ್ಪೆಯವರ ಊಟ, ಸಪ್ಪೆಯವರ ಊಟ ಅಂತ ಅಂದೂ ಅಂದೂ, ಈಗ ಅದನ್ನ ತಿನ್ನೋರೂ ಸಪ್ಪೆಯವ್ರು ಆಗ್ಬಿಟ್ಟಿದಾರೆ.”

ಮಾವ ಅವಳನ್ನು ನಂಬಲಿಲ್ಲ. ಮುಖ ನೋಡಿದರೇ ಗೊತ್ತಾಗುತ್ತಿತ್ತು. “ಬನ್ನಿ, ನೋಡಿ” ಎಂದಳು ಜುಲೇಖಾ. ನರ್ಸು ಗಾಲಿಕುರ್ಚಿ ತಂದಳು. ಅದರಲ್ಲಿ ಕೂರಿಸಿ ವಾರ್ಡಿನ ಬಾಗಿಲವರೆಗೆ ತಂದು ನಿಲ್ಲಿಸಿದೆವು. ಜುಲೇಖಾ ಒಳಗೆ ಹೋಗಿ ಮತ್ತೆ ಮೊದಲಿನಂತೆಯೇ ಕೂಗಿದಳು.

ಮಂಚಮಂಚದಿಂದ ಕೈಗಳು ಮೇಲೆದ್ದವು. ಒಬ್ಬ ಪೊಲೀಸಿನವರು, ಕಿವಿಯಲ್ಲಿ ಒಂಟಿಯಿದ್ದ ಒಬ್ಬ ದಪ್ಪ ಸಾಹುಕಾರರು, ಕಾವಿ ಬಟ್ಟೆಯ ಒಬ್ಬ ಸ್ವಾಮಿಗಳು, ಟೊಪ್ಪಿ ಹಾಕಿದ ಒಬ್ಬ ಮುದುಕರು. “ಇಲ್ಲಿ ಸಪ್ಪೆ”, “ಇಲ್ಲೊಂದು ಸಪ್ಪೆ ಕಣಮ್ಮ, ಮರೀಬೇಡ.” ಮೂಲೆಯ ಮಂಚದಲ್ಲಿ ಕಾಲು ಮುರಿದುಕೊಂಡು ಮಲಗಿದ್ದವನೊಬ್ಬ, “ಅಕ್ಕ, ನನ್ನನ್ನೂ ಸಪ್ಪೆಗೆ ಹಾಕಕ್ಕಾ, ಈ ಇನ್ನೊಂದು ಸಾರು ತಿನ್ನೋಕಾಗಲ್ಲ” ಎಂದು ಗೋಗರೆದ. “ನಿಂಗೆ ಕಾಲು ಮುರ್ದಿರೋದು, ಎದೆ ಅಲ್ಲ” ಎಂದು ಜುಲೇಖಾ ಅವನಿಗೆ ಬೇರೆ ತಟ್ಟೆಯನ್ನೇ ಕೊಟ್ಟಳು.

ಮಾವ ನೋಡುತ್ತಲೇ ಇದ್ದರು. ಅವರನ್ನು ಮಂಚಕ್ಕೆ ತಂದು ಮಲಗಿಸಿದಾಗ ಅಂತೋಣಿ ಹುಚ್ಚೆಳ್ಳಿನ ಚಟ್ನಿಯನ್ನು ಬೆರಳಿನಿಂದ ಬಳಿದು ನೆಕ್ಕುತ್ತಿದ್ದರು. “ನಾನು ಸಪ್ಪೆ ಆಗಿ ಒಂದು ತಿಂಗಳಾಯ್ತು ತಾತ” ಎಂದರು. “ನೀವು ಯಾವಾಗಿಂದ?”

ಮಾವ ಅಂತೋಣಿಯ ತಟ್ಟೆಯ ಕಡೆ ನೋಡಿದರು.

“ಹುಟ್ಟಿದಾಗ್ಲಿಂದ” ಎಂದರು.

ಅಂತೋಣಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಅವರು ನಕ್ಕ ನಗೆಗೆ ಮಂಚ ಕಿರುಗುಟ್ಟಿತು. ನರ್ಸು ಬಂದು ಎದೆ ನೋವಿನವರು ಹಾಗೆ ನಗಬಾರದೆಂದು ಗದರಿದಳು. ಮಾವನ ಬಾಯಿಯ ಒಂದು ತುದಿ ಸ್ವಲ್ಪ ಮೇಲಕ್ಕೆ ಹೋಗಿತ್ತು. ಜುಲೇಖಾ ತಂದ ತಟ್ಟೆಯಲ್ಲಿ ಮುದ್ದೆ, ಸೊಪ್ಪಿನ ಸಾರು, ಚಟ್ನಿ ಇತ್ತು. ಐವತ್ತು ವರ್ಷದ ಮೇಲೆ ಹೊರಗೆ ಬಂದವರಿಗೆ ಸಿಕ್ಕಿದ್ದು ಮತ್ತೆ ಉಪ್ಪಿಲ್ಲದ ಊಟವೇ ಆಯಿತಲ್ಲ ಎಂದು ನನಗೆ ಅಳುವೂ ನಗುವೂ ಒಟ್ಟಿಗೆ ಬಂತು. ಮಾವ ಒಂದು ತುತ್ತು ಮುರಿದು, ಸಾರಿನಲ್ಲಿ ಅದ್ದಿ ನುಂಗಿ, “ಒಗ್ಗರಣೆ ಒಸಿ ಸೀದದೆ” ಎಂದರು. ತಟ್ಟೆ ಖಾಲಿ ಮಾಡಿದರು.

ಎದೆಯ ಆ ಬಾಗಿಲನ್ನು ಸರಿಮಾಡುವ ದಿನ ಬಂತು. ತೊಡೆಯ ನರದೊಳಗಿನಿಂದ ಸಣ್ಣ ಕೊಳವೆ ಕಳಿಸಿ ಮಾಡುತ್ತಾರೆ, ಎದೆ ಕೊಯ್ಯುವುದಿಲ್ಲ ಎಂದು ಡಾಕ್ಟರು ನಮಗೆ ವಿವರಿಸಿದರು. ವಯಸ್ಸಾದವರು, ಏನೂ ಹೇಳಲಾಗುವುದಿಲ್ಲ ಎಂದೂ ಸೇರಿಸಿದರು. ಒಳಗೆ ಕರೆದೊಯ್ಯುವಾಗ ಮಾವ ನನ್ನ ಕಡೆ ತಿರುಗಿ, “ಈ ಬಾಗ್ಲು ಹತ್ರಾನೇ ಇರ್ತೀಯಲ್ಲ” ಎಂದರು. “ಇಲ್ಲೇ ಇರ್ತೀನಿ ಮಾವ.” ಬೆಳಿಗ್ಗೆ ಕೂತವರು ನಾನೂ ಮಹಾದೇವುವೂ ಬಿಸಿಲು ಎದುರು ಗೋಡೆಗೆ ಬರುವ ತನಕ ಕೂತೇ ಇದ್ದೆವು. ಮಹಾದೇವು ನಡುವೆ ಒಮ್ಮೆ, “ನಾನು ಅಪ್ಪನಿಗೆ ಅವತ್ತು ಕೂಗಾಡಬಾರದಿತ್ತು” ಎಂದರು. ನಾನು ಅವರ ಕೈ ಹಿಡಿದುಕೊಂಡೆ. ಜುಲೇಖಾ ತನ್ನ ಗಾಡಿ ಬಿಟ್ಟು ಎರಡು ಸಲ ಬಂದು ಹೋದಳು. ಎರಡನೆಯ ಸಲ ಚಹಾ ತಂದಿದ್ದಳು. ಅದು ಆರಿಹೋಯಿತು, ನಾವು ಕುಡಿಯಲಿಲ್ಲ.

ಡಾಕ್ಟರು ಬಾಗಿಲು ತೆಗೆದು ಬಂದಾಗ ಅವರ ಮುಖದಲ್ಲಿ ಏನಿದೆ ಎಂದು ನೋಡಲು ನನಗೆ ಧೈರ್ಯವಾಗಲಿಲ್ಲ. ಅವರ ಚಪ್ಪಲಿಯನ್ನೇ ನೋಡುತ್ತಿದ್ದೆ. “ಚೆನ್ನಾಗಾಯ್ತು” ಎಂದರು ಅವರು. “ಎಚ್ಚರ ಆಗಿದೆ. ಹಸಿವು ಅಂತಿದಾರೆ.” ಮಹಾದೇವು ನೆಲದ ಮೇಲೆ ಕುಸಿದು ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ನನಗೆ ಅಷ್ಟು ದಿನ ಹೆಗಲ ಮೇಲೆ ಕೂತಿದ್ದ ಯಾವುದೋ ಮೂಟೆಯನ್ನು ಯಾರೋ ಎತ್ತಿಕೊಂಡ ಹಾಗಾಯಿತು. ಆರಿದ ಆ ಚಹಾವನ್ನು ಆಗ ಎತ್ತಿಕೊಂಡು ಗಟಗಟ ಕುಡಿದೆ.

ಆಮೇಲಿನ ದಿನಗಳಲ್ಲಿ ಮಾವನ ಕಾಲಿನ ಊತ ಇಳಿಯಿತು. ಕೆಮ್ಮಿಲ್ಲದೆ ಮಲಗಿದರು. ಅಂತೋಣಿಯ ಜೊತೆ ಎತ್ತುಗಳ ವಿಷಯ, ಲಾರಿಗಳ ವಿಷಯ ಮಾತಾಡಿದರು. ಒಂದು ದಿನ ನಾನು ಹೊರಗಿನಿಂದ ಬರುವಾಗ ಸುಂಕದ ಕಟ್ಟೆಯ ಕಥೆ ಹೇಳುತ್ತಿದ್ದರು, ಸುತ್ತಲ ಮಂಚದವರೆಲ್ಲ ಕೇಳುತ್ತಿದ್ದರು. ಪಾಳೇಗಾರನ ಹತ್ತಿರ ಬಂದಾಗ ಅವರು ಸುಮ್ಮನಾಗುತ್ತಾರೆ ಎಂದುಕೊಂಡೆ. ಸುಮ್ಮನಾಗಲಿಲ್ಲ. ಎತ್ತು ಕಳೆದದ್ದು, ಕಂಬಕ್ಕೆ ಕಟ್ಟಿದ್ದು, ಎಲ್ಲವನ್ನೂ ಹೇಳಿದರು, ಬೇರೆ ಯಾರದೋ ಕಥೆ ಹೇಳುವಷ್ಟು ನಿಧಾನವಾಗಿ. ಪೊಲೀಸಿನವರು, “ನಾನಾಗಿದ್ರೆ ಆ ಅಳಿಯನ್ನ ಕಟ್ಟಿಹಾಕ್ತಿದ್ದೆ” ಎಂದರು. ಸ್ವಾಮಿಗಳು ತಲೆಯಾಡಿಸಿದರು.

ಬಿಡುಗಡೆಯಾದ ದಿನ ಮಹಾದೇವು ಔಷಧಿ ಅಂಗಡಿಗೆ ಹೋದರು, ಬಸ್ಸು ನಿಲ್ದಾಣದಲ್ಲಿ ಸೇರುವುದೆಂದು ಮಾತಾಯಿತು. ಆಟೋ ಹತ್ತಿದ ಮೇಲೆ ಮಾವ, “ಗಾಣದ ಬೀದಿ ಅಂತ ಒಂದಿತ್ತು. ಐತಾ ಕೇಳು” ಎಂದರು. “ಯಾಕೆ ಮಾವ, ಈಗ ಬೇಡ.” “ನೋಡ್ಕೊಂಡು ಬರೋಣ, ನಡಿ.” ಆಟೋದವನು ಆ ಬೀದಿ ಇದೆ ಎಂದ.

ಬೀದಿಯ ಹೆಸರು ಹಾಗೇ ಉಳಿದಿತ್ತು, ಗಾಣ ಇರಲಿಲ್ಲ. ಕಂಬವೂ ಇರಲಿಲ್ಲ. ಮಾವ ಎರಡು ಸಲ ಬೀದಿಯ ಉದ್ದಗಲ ನೋಡಿ, ಒಂದು ಬಯಲು ಜಾಗದ ಮುಂದೆ ನಿಂತು, “ಇದೇ” ಎಂದರು. ಆ ಬಯಲಿನಲ್ಲಿ ಪಕ್ಕದ ಮನೆಯ ಒಬ್ಬ ಚಿಕ್ಕ ವಯಸ್ಸಿನ ಹೆಂಗಸು ಹಳೆ ಸೀರೆ ಹಾಸಿ ಸಂಡಿಗೆ ಒಣಗಿಹಾಕಿದ್ದಳು. ಕೈಯಲ್ಲಿ ಒಂದು ಕೋಲು ಹಿಡಿದು ಕಾಗೆ ಓಡಿಸುತ್ತಿದ್ದಳು.

“ಯಾರನ್ನ ಹುಡುಕ್ತಿದೀರಾ ತಾತ?”

“ಯಾರ್ನೂ ಇಲ್ಲ ಕಣವ್ವ. ಇಲ್ಲೊಂದು ಗಾಣ ಇತ್ತು. ನಾನು ಕಾವಲಿಗಿದ್ದೆ.”

“ಗಾಣವಾ? ನಾನು ಈ ಮನೆಗೆ ಬಂದಾಗ್ಲೇ ಬಯಲಿತ್ತು. ಯಾವೂರು ನಿಮ್ದು?”

ಮಾವ ನನ್ನ ಕಡೆ ನೋಡಿದರು. ಅವರು ಗಂಟಲು ಸರಿಮಾಡಿಕೊಂಡರು.

“ಸಪ್ಪೆಸೀಮೆ” ಎಂದರು.

ಅದೇ ಹೊತ್ತಿಗೆ ಮನೆಯೊಳಗೆ ಮಗು ಅತ್ತಿತು. ಹೆಂಗಸು ಒಳಗೆ ನೋಡಿದಳು, ಸಂಡಿಗೆ ನೋಡಿದಳು, ಗೋಡೆಯ ಮೇಲೆ ಕಾಯುತ್ತ ನಿಂತಿದ್ದ ಒಂದು ಕರಿ ಮೇಕೆಯನ್ನು ನೋಡಿದಳು. “ತಾತ, ಮಗ ಎದ್ಬಿಡ್ತು. ಒಂದು ಗಳಿಗೆ ಇದನ್ನ ನೋಡ್ಕೊಳ್ತೀರಾ? ಆ ಮೇಕೆ ಬಲೇ ಕಿಲಾಡಿ” ಎಂದು ಕೋಲನ್ನು ಮಾವನ ಕೈಗೆ ಕೊಟ್ಟು, ಉತ್ತರಕ್ಕೆ ಕಾಯದೆ ಒಳಗೆ ಓಡಿದಳು.

ಮಾವ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು. ಅದನ್ನು ತಿರುಗಿಸಿ ನೋಡಿದರು. ಅಲ್ಲೇ ಇದ್ದ ಒಗೆಯುವ ಕಲ್ಲಿನ ಮೇಲೆ ಮೆಲ್ಲಗೆ ಕೂತು, ಕೋಲನ್ನು ಮೊಣಕಾಲ ಮೇಲೆ ಅಡ್ಡ ಇಟ್ಟುಕೊಂಡರು.

“ಮಾವ, ಬಸ್ಸಿನ ಹೊತ್ತಾಯ್ತು. ಅವರು ಕಾಯ್ತಿರ್ತಾರೆ.”

“ಮುಂದಿನ ಬಸ್ಸಿಗೆ ಹೋದ್ರಾಯ್ತು ಸುಮ್ಕಿರು. ಮನೆ ಬಾಗ್ಲೂ ತೆಗ್ದೇ ಬಿಟ್ಟೋಗವಳೆ” ಎಂದರು.

ನಾನು ಆಟೋದವನನ್ನು ಕಳಿಸಿ, ಮಹಾದೇವುವಿಗೆ ಫೋನು ಮಾಡಿ ಹೇಳಿದೆ. ಒಳಗೆ ಆ ಹೆಂಗಸು ಮಗುವಿಗೆ ಏನೋ ಗುನುಗುತ್ತಿದ್ದಳು, ಅಳು ನಿಧಾನವಾಗಿ ಕಡಿಮೆಯಾಗುತ್ತಿತ್ತು. ಮೇಕೆ ಗೋಡೆಯಿಂದ ಇಳಿದು, ಎತ್ತಲೋ ನೋಡುತ್ತಿರುವಂತೆ ಸಂಡಿಗೆಯ ಕಡೆಗೆ ಒಂದೊಂದೇ ಹೆಜ್ಜೆ ಬಂತು. ಮಾವ ಅದು ಹತ್ತಿರ ಬರುವ ತನಕ ಸುಮ್ಮನಿದ್ದು, ಕೋಲಿನಿಂದ ನೆಲಕ್ಕೆ ಒಂದೇ ಏಟು ಹಾಕಿದರು. ಅದು ಹಾರಿ ಬೀದಿಗೆ ಓಡಿತು. ಅವರು ಒಳಗಿನ ಕಡೆ ತಿರುಗಿ, ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದರು:

“ನಿಧಾನಕ್ಕೆ ಮಲಗಿಸ್ಕೊಂಡು ಬಾರವ್ವ. ನಾನಿಲ್ಲೇ ಇದೀನಿ.”